ಎದುರಿಗೆ ಕೂತವರ ಬಲಗಣ್ಣು

ಊರಿಗೆಲ್ಲ ಅವರು ನಂಬರ್ ಮಾವ. ನನಗೆ ಮಾತ್ರ ನಿಜವಾದ ಮಾವ, ಗಂಡನ ಅಪ್ಪ. ನಲವತ್ತೊಂದು ವರ್ಷ ಒಂದೇ ಕನ್ನಡಕದ ಅಂಗಡಿಯಲ್ಲಿ, ಒಂದೇ ಕಿಟಕಿಯ ಪಕ್ಕ ಕೂತು, ಗಾಜು ಉಜ್ಜಿ ಫ್ರೇಮಿಗೆ ಕೂರಿಸುತ್ತ ಬಂದವರು. ಯಾರನ್ನಾದರೂ ಮದುವೆ ಮನೆಯಲ್ಲಿ ಕಂಡರೆ ಅವರಿಗೆ ಮೊದಲು ನೆನಪಾಗುವುದು ಹೆಸರಲ್ಲ, ಕಣ್ಣಿನ ನಂಬರು. ಮೈನಸ್ ಮೂರೂಕಾಲು ಎಂದು ಬಾಯಲ್ಲೇ ಗೊಣಗಿಕೊಂಡು, ಹೆಸರಿಗಾಗಿ ಅತ್ತೆಯ ಮುಖ ನೋಡುತ್ತಾರೆ. ನನ್ನನ್ನು ನೋಡಲು ಬಂದ ದಿನ, ಹುಡುಗಿ ಒಳ್ಳೆಯವಳು, ಆದರೆ ಇವಳ ಕನ್ನಡಕ ಅರ್ಧ ನಂಬರು ಜಾಸ್ತಿಯಾಗಿದೆ ಎಂದು ನಮ್ಮ ಮನೆಯವರ ಮುಂದೆಯೇ ಹೇಳಿಬಿಟ್ಟರು. ಮೈಯೆಲ್ಲ ಉರಿದುಹೋಗಿತ್ತು ನನಗೆ. ಮಾರನೆಯ ವಾರ ಹೋಗಿ ಪರೀಕ್ಷೆ ಮಾಡಿಸಿದರೆ ಅವರು ಹೇಳಿದ್ದೇ ಸರಿ. ಆ ಸಿಟ್ಟು ಇನ್ನೂ ಪೂರ್ತಿ ಹೋಗಿಲ್ಲ.

ನಮ್ಮ ಚರ್ಚಿನ ಸಭೆಯಿಂದ ಪ್ರತಿ ವರ್ಷ ಶಾಲೆಗೆ ರಜೆ ಬಿದ್ದ ಕೂಡಲೇ ಆರೇಳು ಸಂಸಾರಗಳು ಗಂಟುಮೂಟೆ ಕಟ್ಟಿಕೊಂಡು ಮಿಷನ್ ಪ್ರವಾಸಕ್ಕೆ ಹೊರಡುತ್ತವೆ. ಎರಡು ವಿಮಾನ, ಒಂದು ಬಸ್ಸು, ಬೇರೆ ದೇಶ, ಬೇರೆ ಭಾಷೆ. ಅಲ್ಲಿನ ಒಂದು ಸಣ್ಣ ಪಟ್ಟಣದ ಚರ್ಚಿನ ಹಿಂದಿರುವ ಹಾಲಿನಲ್ಲಿ ಹತ್ತು ದಿನ ಠಿಕಾಣಿ. ಗಂಡಸರು ಬೆಂಚು, ಬಾಗಿಲು ರಿಪೇರಿ ಮಾಡುತ್ತಾರೆ, ಹೆಂಗಸರು ಮಕ್ಕಳಿಗೆ ಬೈಬಲ್ ಶಾಲೆ ನಡೆಸುತ್ತಾರೆ. ದೂರದಿಂದ ನೋಡುವವರಿಗೆ ಇದು ದೇವರ ಕೆಲಸ. ಒಳಗಿದ್ದು ನೋಡಿದವರಿಗೆ ಇಪ್ಪತ್ತಾರು ಜನ, ಎರಡು ಬಚ್ಚಲು. ಯಾರೂ ಕಳೆದುಹೋಗದಿರಲಿ ಎಂದು ಎಲ್ಲರಿಗೂ ಒಂದೇ ಹಳದಿ ಬಣ್ಣದ ಅಂಗಿ ಹೊಲಿಸುತ್ತಾರೆ. ಅದರಿಂದ ಆದ ಲಾಭವೆಂದರೆ ಒಮ್ಮೆ ವಿಮಾನ ನಿಲ್ದಾಣದಲ್ಲಿ ನಾನು ಬೇರೆಯವರ ಮಗುವಿನ ಕೈಹಿಡಿದು ದರದರನೆ ಎಳೆದುಕೊಂಡು ಹೋಗಿದ್ದೆ. ಅದರ ತಾಯಿ ಪಕ್ಕದಲ್ಲೇ ನಡೆಯುತ್ತಿದ್ದರೂ ಅವಳಿಗೂ ಗೊತ್ತಾಗಲಿಲ್ಲ, ಅಷ್ಟು ಸುಸ್ತಾಗಿದ್ದೆವು.

ಪ್ರವಾಸದ ಮುಖ್ಯ ಕೆಲಸ ಕಣ್ಣಿನ ಶಿಬಿರ. ಕಣ್ಣಿನ ಶಿಬಿರವೆಂದರೆ ನಂಬರ್ ಮಾವ. ನಮ್ಮ ಚರ್ಚಿನ ಬಾಗಿಲ ಬಳಿ ವರ್ಷವಿಡೀ ಒಂದು ರಟ್ಟಿನ ಡಬ್ಬ ಇರುತ್ತದೆ. ಜನ ತಮ್ಮ ಹಳೆಯ ಕನ್ನಡಕಗಳನ್ನು ಅದರಲ್ಲಿ ಹಾಕಿ ಹೋಗುತ್ತಾರೆ. ಮಾವ ಅಂಗಡಿ ಮುಗಿಸಿ ಬಂದ ಮೇಲೆ ಒಂದೊಂದನ್ನೂ ತೊಳೆದು, ಗಾಜಿನ ಪವರ್ ಅಳೆದು, ನಂಬರಿನ ಚೀಟಿ ಅಂಟಿಸಿ ಜೋಡಿಸುತ್ತಾರೆ. ಶಿಬಿರದಲ್ಲಿ ಕಣ್ಣಿನ ಡಾಕ್ಟರು ಪರೀಕ್ಷೆ ಮಾಡಿ ಕಾರ್ಡಿನಲ್ಲಿ ಬರೆದುಕೊಡುತ್ತಾರೆ, ಮಾವ ಅದಕ್ಕೆ ಹತ್ತಿರದ ಕನ್ನಡಕ ಹುಡುಕಿ, ಕಿವಿಗೆ ಸರಿಯಾಗಿ ಬಗ್ಗಿಸಿ, ಮೂಗಿನ ಮೇಲೆ ಕೂರಿಸುತ್ತಾರೆ. ಹನ್ನೆರಡು ವರ್ಷ ಹೀಗೆ ಮಾಡಿದರು. ಹೋದ ವರ್ಷ ಪ್ರವಾಸದಿಂದ ಬಂದ ಮೇಲೆ ಮಂಡಿ ಪೂರ್ತಿ ಕೈಕೊಟ್ಟಿತು. ಇನ್ನು ನನ್ನಿಂದಾಗದು ಎಂದರು, ಸಭೆಯವರು ಕೇಕ್ ಕತ್ತರಿಸಿ ಬೀಳ್ಕೊಟ್ಟೂ ಆಯಿತು. ಆದರೆ ಈ ವರ್ಷ ಹೊರಡುವವರ ಪಟ್ಟಿ ಹಚ್ಚಿದ ಭಾನುವಾರವೇ ಕೋಲೂರಿಕೊಂಡು ಹೋಗಿ ಎಲ್ಲರಿಗಿಂತ ಮೊದಲು ತಮ್ಮ ಹೆಸರು ಬರೆದು ಬಂದರು. ನಂಬರ್ ಮಾವನಿಗೆ ಸೇವೆ ಬಿಟ್ಟು ಇರಲಿಕ್ಕೆ ಆಗಲ್ಲ ನೋಡಿ ಎಂದು ಪಾಸ್ಟರು ವೇದಿಕೆಯಿಂದಲೇ ಹೊಗಳಿದರು. ಪಕ್ಕದಲ್ಲಿ ಕೂತಿದ್ದ ಅತ್ತೆ ನೆಲ ನೋಡುತ್ತಿದ್ದರು.

ನಿಜ ಸಂಗತಿ ನನಗೆ ಗೊತ್ತಾದದ್ದು ಆ ವಾರ, ಅಡುಗೆಮನೆಯಲ್ಲಿ. ಮಾವ ಒಳಗೆ ಬಂದು, ಬೇಡವೆಂದರೂ ನನ್ನ ಕೈಯಿಂದ ಚಾಕು ತೆಗೆದುಕೊಂಡು ಬೀನ್ಸ್ ಹೆಚ್ಚತೊಡಗಿದರು. ಏನೋ ಇದೆ ಅಂದುಕೊಂಡೆ.

"ಈ ಸಲ ನೀನು ನನ್ನ ಪಕ್ಕದಲ್ಲೇ ಕೂತ್ಕೋಬೇಕಮ್ಮ" ಎಂದರು. "ನಾನು ಬಲ ಅಂದ್ರೆ, ಅದು ಬಲಾನೇನಾ ಅಂತ ನೀನು ನೋಡಿ ಹೇಳ್ಬೇಕು."

ಆಮೇಲೆ ಹೇಳಿದ್ದು ಇಷ್ಟು. ಎರಡು ವರ್ಷದ ಕೆಳಗೆ ಆ ಪಟ್ಟಣದ ಶಿಬಿರಕ್ಕೆ ಒಬ್ಬ ಹೊಲಿಗೆಯಾಕೆ ಬಂದಿದ್ದರು. ಐವತ್ತು ದಾಟಿದ ವಯಸ್ಸು, ಒಂಟಿ ಹೆಂಗಸು, ಹೊಲಿಗೆ ಯಂತ್ರವೇ ಅನ್ನ. ಅವರ ಎರಡು ಕಣ್ಣಿಗೂ ಅಜಗಜಾಂತರ. ಬಲಗಣ್ಣು ಒಂದೂವರೆ, ಎಡಗಣ್ಣು ನಾಲ್ಕು. ಡಬ್ಬದಲ್ಲಿದ್ದ ಐನೂರು ಹಳೆಯ ಕನ್ನಡಕಗಳಲ್ಲಿ ಒಂದೂ ಹೊಂದಲಿಲ್ಲ. ಮುಂದಿನ ವರ್ಷ ನಾನೇ ಮಾಡಿಕೊಂಡು ಬರುತ್ತೇನೆ ಎಂದು ಮಾವ ಮಾತು ಕೊಟ್ಟರು. ಅವತ್ತು ಇನ್ನೂರು ಜನ ಬಂದಿದ್ದರು. ಸಂಜೆ ಕಣ್ಣು ಎಳೆಯುತ್ತಿರುವಾಗ ಡಾಕ್ಟರ ಕಾರ್ಡಿನಿಂದ ಆಕೆಯ ನಂಬರನ್ನು ತಮ್ಮ ಪುಸ್ತಕಕ್ಕೆ ಇಳಿಸಿಕೊಂಡರು.

ಕನ್ನಡಕದ ಕೆಲಸಕ್ಕೆ ಸೇರಿದವರು ಮೊದಲ ದಿನ ಕಲಿಯುವುದು ಒಂದೇ ಪಾಠ. ಎದುರಿಗೆ ಕೂತವರ ಬಲಗಣ್ಣು ನಮ್ಮ ಎಡಗೈ ಕಡೆ ಇರುತ್ತದೆ. ಮಾವ ತಮ್ಮ ಪುಸ್ತಕದಲ್ಲಿ ನಲವತ್ತೊಂದು ವರ್ಷ ಬಲಗಣ್ಣನ್ನು ಎಡಗಡೆಯ ಮನೆಯಲ್ಲೇ ಬರೆಯುತ್ತ ಬಂದಿದ್ದರು. ಆ ವರ್ಷದ ಕಾರ್ಡು ಮಾತ್ರ ಹೊಸದಾಗಿ ಅಚ್ಚು ಹಾಕಿಸಿದ್ದು. ಅದರಲ್ಲಿ ಬಲಗಣ್ಣಿನ ಮನೆ ಬಲಗಡೆಗಿತ್ತು. ಶಿಬಿರದುದ್ದಕ್ಕೂ ಅದನ್ನು ನೆನಪಿಟ್ಟು ಎಚ್ಚರದಿಂದ ಓದಿದವರು, ಸುಸ್ತಾದ ಆ ಸಂಜೆ ಕಾರ್ಡಿನ ಎಡಮನೆಯದನ್ನು ಪುಸ್ತಕದ ಎಡಮನೆಗೆ, ಬಲದ್ದನ್ನು ಬಲಕ್ಕೆ ಹಾಗೇ ಇಳಿಸಿಬಿಟ್ಟರು. ಊರಿಗೆ ಬಂದು, ಪುಸ್ತಕ ನೋಡಿ, ಮೂರು ಸಂಜೆ ಕೂತು, ಜೀವಮಾನದಲ್ಲೇ ಅಷ್ಟು ಅಚ್ಚುಕಟ್ಟಾಗಿ ಮಾಡಿರದ ಒಂದು ಕನ್ನಡಕ ಮಾಡಿದರು. ಬಲದ ಗಾಜು ಎಡಕ್ಕೆ, ಎಡದ ಗಾಜು ಬಲಕ್ಕೆ.

ಹೋದ ವರ್ಷ ಅದನ್ನು ತೆಗೆದುಕೊಂಡು ಹೋದರು. ಆಕೆ ಬಂದದ್ದು ಕೊನೆಯ ದಿನ, ಬಸ್ಸಿನ ಹಾರನ್ ಬಾರಿಸುತ್ತಿದ್ದಾಗ. ಮಾವ ಕನ್ನಡಕ ತೊಡಿಸಿದರು, ಹೊಸ ಕನ್ನಡಕ ಕೊಡುವಾಗ ಎಲ್ಲರಿಗೂ ಹೇಳುವ ಮಾತನ್ನೇ ಹೇಳಿದರು: ಎರಡು ವಾರ ತಲೆ ನೋಯುತ್ತದೆ, ಬಿಡಬೇಡಿ, ಅಭ್ಯಾಸವಾಗುತ್ತದೆ. ಆಕೆಯ ಕಣ್ಣಲ್ಲಿ ಬಳಬಳನೆ ನೀರು ಬಂತು. ಮಾವ ಓಡಿ ಬಸ್ಸು ಹತ್ತಿದರು.

ನಮ್ಮ ಪ್ರವಾಸದಲ್ಲಿ ಒಂದು ಪದ್ಧತಿ ಇದೆ. ವಾಪಸ್ಸು ಬರುವ ಬಸ್ಸಿನಲ್ಲಿ ಪ್ರತಿಯೊಂದು ಸಂಸಾರದವರೂ ಎದ್ದು ನಿಂತು ಒಂದು ಸಾಕ್ಷಿ ಹೇಳಬೇಕು, ಆ ಹತ್ತು ದಿನದಲ್ಲಿ ದೇವರು ಮಾಡಿದ ಒಂದು ಒಳ್ಳೆಯ ಸಂಗತಿ. ಹೋದ ವರ್ಷ ಮಾವ ಆ ಹೊಲಿಗೆಯಾಕೆಯ ಕಣ್ಣೀರಿನ ಕಥೆ ಹೇಳಿದರು. ಬಸ್ಸಿನಲ್ಲಿ ಎಲ್ಲರೂ ಅತ್ತರು, ನಾನೂ ಕಣ್ಣೊರೆಸಿಕೊಂಡೆ. ಊರಿಗೆ ಬಂದ ಮೇಲೆ ಭಾನುವಾರದ ಆರಾಧನೆಯಲ್ಲಿ ಮತ್ತೆ ಹೇಳಿಸಿದರು. ಆಗಲೂ ಎಲ್ಲರೂ ಅತ್ತರು. ಅದಾಗಿ ಮೂರು ವಾರಕ್ಕೆ, ಹಳೆಯ ಕಾರ್ಡುಗಳ ಕಟ್ಟು ಅಟ್ಟಕ್ಕೆ ಹಾಕುವಾಗ, ಆಕೆಯ ಕಾರ್ಡು ಮಾವನ ಕೈಗೆ ಸಿಕ್ಕಿತು.

ಹನ್ನೊಂದು ತಿಂಗಳು ಈ ಮನುಷ್ಯ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಕೂತಿದ್ದರು. ಗೊತ್ತಿದ್ದದ್ದು ಅತ್ತೆಗೆ ಮಾತ್ರ. ಒಂದು ಕಾಗದ ಬರೆಯಿರಿ, ಆ ಕನ್ನಡಕ ಹಾಕಬೇಡಿ ಅಂತ ತಿಳಿಸಿ ಎಂದು ಅತ್ತೆ ದಿನಾ ಹೇಳುತ್ತಿದ್ದರಂತೆ. ಬರೆಯಲಿಲ್ಲ. ಯಾಕೆ ಎಂದು ನಾನು ಕೇಳಿದೆ, ಸ್ವಲ್ಪ ಗಡುಸಾಗಿಯೇ ಕೇಳಿದೆ. ಕಾಗದ ಬರೆದರೆ ಅಲ್ಲಿನ ಚರ್ಚಿನವರ ಕೈಗೆ ಹೋಗುತ್ತದೆ, ಅವರು ನಮ್ಮ ಪಾಸ್ಟರಿಗೆ ಹೇಳುತ್ತಾರೆ, ಎರಡು ಸಲ ಸಾಕ್ಷಿ ಹೇಳಿದ ಬಾಯಿ ಇದು ಎಂದರು. ಬೀನ್ಸ್ ಅಷ್ಟೂ ಒಂದೇ ಅಳತೆಗೆ ಹೆಚ್ಚಿಟ್ಟು ಹೋದರು. ನನಗೆ ಕನಿಕರ ಬರಬೇಕಿತ್ತು, ಬಂದದ್ದು ಸಿಟ್ಟು.

ಅಂತೂ ಹೊರಟೆವು. ಸರಿಯಾದ ಗಾಜು ಹಾಕಿದ ಹೊಸ ಕನ್ನಡಕ ಮಾವನ ಅಂಗಿಯ ಜೇಬಿನಲ್ಲೇ ಇತ್ತು, ಸೂಟ್‌ಕೇಸಿಗೂ ಹಾಕಲಿಲ್ಲ. ಬಲಗಡೆಯ ಕಡ್ಡಿಗೆ ಕೆಂಪು ದಾರ ಸುತ್ತಿದ್ದರು. ವಿಮಾನದಲ್ಲಿ ಎಲ್ಲರೂ ಬಾಯಿ ತೆರೆದುಕೊಂಡು ತಲೆ ವಾಲಿಸಿ ಮಲಗಿದ್ದರೆ ಇವರು ಮಾತ್ರ ಜೇಬು ಮುಟ್ಟಿಕೊಳ್ಳುತ್ತ ಕೂತಿದ್ದರು. ಪಟ್ಟಣ ತಲುಪಿದಾಗ ಅವರ ಪಾದಗಳು ಚಪ್ಪಲಿಗೆ ಹಿಡಿಸದಷ್ಟು ಊದಿದ್ದವು.

ಶಿಬಿರ ಐದು ದಿನ. ನಾನು ಪಕ್ಕದಲ್ಲಿ ಕೂತು ಕಾರ್ಡು ಓದುವುದು, ಅವರು ಹುಡುಕುವುದು, ನಾನು ಮತ್ತೊಮ್ಮೆ ನೋಡುವುದು. ಬಲ ಒಂದು, ಎಡ ಒಂದೂಕಾಲು. ಬಲ ಎರಡು, ಎಡ ಎರಡು. ಎರಡನೆಯ ದಿನಕ್ಕೆ ನನಗೆ ನನ್ನ ಬಲಗೈ ಯಾವುದು ಎಂಬುದೇ ಅನುಮಾನವಾಗತೊಡಗಿತು. ಮಾವ ಒಬ್ಬೊಬ್ಬರಿಗೂ ಕನ್ನಡಕ ತೊಡಿಸಿ ತಲೆ ಎತ್ತಿದಾಗಲೆಲ್ಲ ಸಾಲಿನ ಕೊನೆಯವರೆಗೂ ನೋಡುತ್ತಿದ್ದರು. ಆಕೆ ಬರಲಿಲ್ಲ. ನಮಗೆ ದುಭಾಷಿಯಾಗಿದ್ದವರು ಅಲ್ಲಿನ ಶಾಲೆಯ ಮೇಷ್ಟ್ರು, ನಮ್ಮ ಊರಿನ ಕಾಲೇಜಿನಲ್ಲಿ ನಾಲ್ಕು ವರ್ಷ ಓದಿ ನಮ್ಮ ಮಾತು ಕಲಿತು ಹೋದವರು. ಅವರನ್ನು ಕೇಳಿದರೆ, ಬರ್ತಾರೆ ಬಿಡಿ, ಎಲ್ಲರೂ ಬರ್ತಾರೆ ಎಂದರು. ಮೂರನೆಯ ದಿನವೂ ಹಾಗೇ ಅಂದರು. ಐದನೆಯ ದಿನ ಸಂಜೆ ಮೇಜು ಮಡಿಸುವಾಗ, ಆಕೆ ಈಗ ಜಾಸ್ತಿ ಹೊರಗೆ ಬರುವುದಿಲ್ಲವಂತೆ ಎಂದು ತಿಳಿಸಿದರು.

ಉಳಿದ ದಿನಗಳು ಚರ್ಚಿನ ಬೇರೆ ಕೆಲಸದಲ್ಲಿ ಹೋದವು. ಪಾಸ್ಟರು ಯಾರನ್ನೂ ಆಚೆ ಈಚೆ ಬಿಡುವುದಿಲ್ಲ, ಎಲ್ಲದಕ್ಕೂ ಪಟ್ಟಿ, ಎಲ್ಲದಕ್ಕೂ ಸೀಟಿ. ಆಕೆಯ ಮನೆಗೇ ಹೋಗೋಣ ಎಂದು ನಾನು ಹೇಳಿದರೆ ಮಾವ, ನಾಳೆ ಎನ್ನುತ್ತಿದ್ದರು. ನಲವತ್ತೊಂದು ವರ್ಷ ಯಾವ ಗಾಜಿಗೂ ಹೆದರದ ಮನುಷ್ಯ ಒಂದು ಮುಖಕ್ಕೆ ಹೆದರಿದ್ದರು. ಕೊನೆಯ ದಿನ ಬೆಳಿಗ್ಗೆ, ಬಸ್ಸು ಹೊರಡಲು ಮೂರು ಗಂಟೆ ಇರುವಾಗ, ಅತ್ತೆ ಅವರ ಚಪ್ಪಲಿ ತಂದು ಮುಂದಿಟ್ಟರು. ಮಾವ, ನಾನು, ಮೇಷ್ಟ್ರು ಹೊರಟೆವು.

ಆಕೆಯ ಮನೆ ಒಂದು ಸೈಕಲ್ ಅಂಗಡಿಯ ಮೇಲೆ, ಕಬ್ಬಿಣದ ಕಿರಿದಾದ ಮೆಟ್ಟಿಲು. ಹದಿನೆಂಟು ಮೆಟ್ಟಿಲಿಗೆ ಮಾವ ನಾಲ್ಕು ಸಲ ನಿಂತರು. ಬಾಗಿಲು ತೆರೆದ ಹೆಂಗಸು ಕನ್ನಡಕ ಹಾಕಿರಲಿಲ್ಲ. ನಮ್ಮ ಹಳದಿ ಅಂಗಿ ನೋಡಿದ ಕೂಡಲೇ ಕೈಸನ್ನೆಯಲ್ಲಿ ಸ್ವಲ್ಪ ನಿಲ್ಲಿ ಎಂದು ಒಳಗೆ ಓಡಿದರು. ಡ್ರಾಯರ್ ಎಳೆದ ಸದ್ದು ಕೇಳಿತು. ತಿರುಗಿ ಬಂದಾಗ ಮುಖದ ಮೇಲೆ ಮಾವ ಮಾಡಿದ ಕನ್ನಡಕವಿತ್ತು. ನಗುತ್ತಿದ್ದರು. ನಗುತ್ತಲೇ ಗೋಡೆಗೆ ಕೈಯಾನಿಸಿಕೊಂಡು, ಹೊಸ್ತಿಲು ಎಲ್ಲಿದೆಯೆಂದು ಕಾಲಿನಿಂದ ತಡವಿ ನೋಡಿಕೊಂಡು ಬಂದರು. ಮಾವ ನನ್ನ ತೋಳು ಹಿಡಿದುಕೊಂಡರು.

ಒಂದೇ ಕೋಣೆ, ಚೊಕ್ಕಟವಾಗಿತ್ತು. ಕಿಟಕಿಯ ಕೆಳಗೆ ಹೊಲಿಗೆ ಯಂತ್ರ. ಅದರ ಮೇಲೆ ಬಟ್ಟೆ ಹೊದಿಸಿ, ಬಟ್ಟೆಯ ಮೇಲೆ ಪಾತ್ರೆ ಬೋರಲು ಹಾಕಿದ್ದರು. ಅದು ನನ್ನ ಕಣ್ಣಿಗೆ ಬಿತ್ತು, ಮಾವನ ಕಣ್ಣಿಗೂ ಬಿತ್ತು. ಮೂಲೆಯಲ್ಲಿ ಹೊದಿಕೆಗಳ ರಾಶಿ. ಕೈಯಲ್ಲಿ ಅಂಚು ಹೊಡೆಯುವ ಒರಟು ಕೆಲಸ, ಕಣ್ಣು ಬೇಕಿಲ್ಲದ್ದು.

ಮಾವ ಕೂರಲಿಲ್ಲ. ನಿಂತೇ, ಕನ್ನಡಕ ತಪ್ಪಾಗಿದೆ, ಗಾಜು ಅದಲು ಬದಲಾಗಿದೆ, ತಪ್ಪು ನನ್ನದು ಎಂದು ಹೇಳಿ ಎಂದರು. ಮೇಷ್ಟ್ರು ಹಿಂದೆಮುಂದೆ ನೋಡಿದರು.

"ಅದೆಲ್ಲ ಯಾಕೆ ಹೇಳ್ಬೇಕು ಸಾರ್? ಇದು ಹೊಸದು, ಇನ್ನೂ ಚೆನ್ನಾಗಿದೆ ಅಂತ ಕೊಟ್ಟುಬಿಡೋಣ. ಅವರಿಗೂ ಸಂತೋಷ, ನಿಮಗೂ ಸಂತೋಷ."

"ನಾನು ಹೇಳಿದ್ದನ್ನೇ ಹೇಳಿ" ಎಂದರು ಮಾವ.

ಮೇಷ್ಟ್ರು ಹೇಳಿದರು. ಆಕೆ ನಗು ನಿಲ್ಲಿಸಿ ಕೇಳಿದರು. ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಮಾತಾಡಿದರು, ಮೇಷ್ಟ್ರು ತುಂಡು ತುಂಡಾಗಿ ನಮಗೆ ತಿಳಿಸಿದರು. ಅದನ್ನು ಹಾಕಿದ ಮೊದಲ ದಿನವೇ ತಲೆ ಸಿಡಿಯಿತಂತೆ. ಬಿಡಬೇಡಿ, ಅಭ್ಯಾಸವಾಗುತ್ತದೆ ಎಂದು ಹೇಳಿದ್ದರಲ್ಲ, ಎರಡು ವಾರ ಕಾದರು. ಎರಡು ವಾರ ಎರಡು ತಿಂಗಳಾಯಿತು. ವಾಂತಿ ಮಾಡಿಕೊಂಡು ಹೊಲಿದರು. ಒಂದು ಮದುವೆಯ ಬಟ್ಟೆ ಹಾಳಾಯಿತು, ಆಮೇಲೆ ಇನ್ನೊಂದು. ಇದಕ್ಕೆ ಮುಂಚೆ ಕನ್ನಡಕವಿಲ್ಲದೆಯೂ ಒಂದು ಕಣ್ಣು ಮುಚ್ಚಿಕೊಂಡು ಹೇಗೋ ಹೊಲಿಯುತ್ತಿದ್ದರು. ಸರಿಯಾದ ಕನ್ನಡಕ ಹಾಕಿದರೂ ಕಾಣದಿದ್ದರೆ ಇನ್ನು ಕಣ್ಣೇ ಹೋಯಿತು ಎಂದು ತಿಳಿದು ಯಂತ್ರಕ್ಕೆ ಬಟ್ಟೆ ಹೊದಿಸಿದರು. ಕುರುಡು ಬರುವ ಮೊದಲು ಅಭ್ಯಾಸವಾಗಲಿ ಎಂದು ಕಣ್ಣುಮುಚ್ಚಿ ಮನೆಯಲ್ಲಿ ಓಡಾಡುವುದನ್ನು ಕಲಿಯುತ್ತಿದ್ದರಂತೆ. ನಾವು ಬಂದಾಗ ಮಾತ್ರ ಕನ್ನಡಕ ಹಾಕಿಕೊಂಡರಾಯಿತು, ಅಷ್ಟು ದೂರದಿಂದ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಬರುವವರ ಮನಸ್ಸು ನೋಯಿಸಬಾರದು ಎಂದುಕೊಂಡಿದ್ದರು. ಶಿಬಿರಕ್ಕೆ ಯಾಕೆ ಬರಲಿಲ್ಲವೆಂದರೆ, ಅದನ್ನು ಹಾಕಿಕೊಂಡು ರಸ್ತೆ ದಾಟಲು ಆಗುತ್ತಿರಲಿಲ್ಲ.

ಕೊನೆಗೆ ಆಕೆ ಹೇಳಿದ ಮಾತನ್ನು ಮೇಷ್ಟ್ರು ಹಾಗೇ ಹೇಳಿದರು. "ತಪ್ಪು ನಿಮ್ಮದಿರಬಹುದು ಅಂತ ನನಗೆ ಒಂದು ಸಲಾನೂ ಹೊಳೀಲಿಲ್ಲ."

ಮಾವ ಜೇಬಿನಿಂದ ಹೊಸ ಕನ್ನಡಕ ತೆಗೆದರು. ಬಲ, ಎಂದು ನನಗೆ ತೋರಿಸಿದರು. ಕೆಂಪು ದಾರ ಆಕೆಯ ಬಲಗಿವಿಯ ಕಡೆಗಿತ್ತು. ಬಲವೇ ಮಾವ ಎಂದೆ. ತೊಡಿಸಿದರು. ಆಕೆ ತಮ್ಮ ಕೈಬೆರಳುಗಳನ್ನು ನೋಡಿಕೊಂಡರು. ಆಮೇಲೆ ಕಿಟಕಿಯ ಬಳಿ ಹೋಗಿ, ಪಾತ್ರೆಗಳನ್ನು ಒಂದೊಂದಾಗಿ ಕೆಳಗಿಳಿಸಿ, ಹೊದಿಸಿದ್ದ ಬಟ್ಟೆ ತೆಗೆದು, ಯಂತ್ರಕ್ಕೆ ಎಣ್ಣೆ ಬಿಟ್ಟರು. ಡಬ್ಬಿಯಿಂದ ಸೂಜಿ ಆರಿಸಿದರು. ದಾರ ಮೊದಲನೆಯ ಸಲಕ್ಕೇ ಹೋಯಿತು. ಮೇಷ್ಟ್ರು ದೇವರಿಗೆ ಸ್ತೋತ್ರ ಎಂದರು. ಅಲ್ಲಿಗೆ ಮುಗಿಯಬಹುದಿತ್ತು. ನಮ್ಮ ಸಾಕ್ಷಿಗಳೆಲ್ಲ ಮುಗಿಯುವುದು ಅಂಥ ಕಡೆಯೇ.

ಆಕೆ ತಿರುಗಿ ಕೂತು ಒಂದು ಪ್ರಶ್ನೆ ಕೇಳಿದರು. ತಪ್ಪಾಗಿದೆ ಅಂತ ನಿಮಗೆ ಗೊತ್ತಾಗಿದ್ದು ಯಾವಾಗ?

ಮೇಷ್ಟ್ರು ಮಾವನ ಕಡೆ ನೋಡಿ, ಈ ಸಲ ಹೊರಡೋ ಮುಂಚೆಯಷ್ಟೇ ಅಂತ ಹೇಳ್ಲಾ ಎಂದು ಮೆಲ್ಲಗೆ ಕೇಳಿದರು. ಮಾವ ಬೇಡವೆಂದು ತಲೆಯಾಡಿಸಿದರು. ಇಲ್ಲಿಂದ ಹೋಗಿ ಒಂದು ತಿಂಗಳಿಗೆ ಗೊತ್ತಾಯಿತು ಎಂದರು. ಆಕೆ ಬೆರಳು ಮಡಿಸಿ ತಿಂಗಳುಗಳನ್ನು ಎಣಿಸಿದರು. ಎರಡನೆಯ ಕೈಗೆ ಬಂದಾಗ ನಾನು ಬೇರೆ ಕಡೆ ನೋಡಿದೆ.

"ಒಂದು ಕಾಗದ ಬರೀಬಹುದಿತ್ತಲ್ಲ" ಎಂದರಂತೆ. ದನಿಯಲ್ಲಿ ಸಿಟ್ಟು ಇರಲಿಲ್ಲ. ನಿಜವಾಗಿಯೂ ಅರ್ಥವಾಗದೆ ಕೇಳಿದ ಹಾಗಿತ್ತು.

ಆ ಹೊತ್ತಿಗೆ ನನ್ನ ಫೋನು ಬಡಿದುಕೊಳ್ಳಲು ಶುರುವಾಯಿತು. ಬಸ್ಸಿಗೆ ಸಾಮಾನು ಏರಿಸುತ್ತಿದ್ದೇವೆ, ಎಲ್ಲಿದ್ದೀರಿ ಎಂದು ಪಾಸ್ಟರು. ಹೊರಡೋಣವೇ ಎನ್ನುವಂತೆ ನಾನು ಮಾವನನ್ನು ನೋಡಿದೆ. ಆಕೆಗೆ ಭಾಷೆ ಬಾರದಿದ್ದರೂ ಫೋನಿನ ಗಡಿಬಿಡಿ ಅರ್ಥವಾಯಿತು. ಕುರ್ಚಿಯ ಮೇಲಿದ್ದ ಹೊದಿಕೆ ತೆಗೆದು, ಮಾವನಿಗೆ ಆ ಕುರ್ಚಿ ತೋರಿಸಿ, ಮೇಷ್ಟ್ರಿಗೆ ಏನೋ ಹೇಳಿದರು.

"ಈ ಸಲ ನಾನು ಹೊಲಿದು ನೋಡೋವರೆಗೂ ಕೂತ್ಕೊಳ್ಳಿ ಅಂತಿದ್ದಾರೆ" ಎಂದರು ಮೇಷ್ಟ್ರು.

ಮಾವ ಕೂತರು. ಆಕೆ ಒಂದು ಬಿಳಿ ಬಟ್ಟೆ ಹುಡುಕಿ, ಅಳೆದು, ಕತ್ತರಿಸಿ, ತೋಳು ಹೊಲಿಯತೊಡಗಿದರು. ಅವಸರವೇ ಇಲ್ಲ. ಒಂದು ಸಾಲು ಹೊಲಿದು ಕಿಟಕಿಯ ಬೆಳಕಿಗೆ ಹಿಡಿದು ನೋಡುವುದು, ಬಿಚ್ಚುವುದು, ಮತ್ತೆ ಹೊಲಿಯುವುದು. ಫೋನು ಐದು ಸಲ ಬಡಿದುಕೊಂಡಿತು, ಆರನೆಯದಕ್ಕೆ ನಾನು ಅದರ ಬಾಯಿ ಮುಚ್ಚಿಸಿದೆ. ಮಾವ ಮಂಡಿಯ ಮೇಲೆ ಎರಡೂ ಕೈಯಿಟ್ಟುಕೊಂಡು, ಪಾಠಕ್ಕೆ ಕೂತ ಮಗುವಿನಂತೆ, ಆಕೆಯ ಕೈಯನ್ನೇ ನೋಡುತ್ತಿದ್ದರು. ಮುಕ್ಕಾಲು ಗಂಟೆಯ ಮೇಲೆ ಆಕೆ ದಾರ ಹಲ್ಲಿನಿಂದ ಕಡಿದು, ಹೊಲಿಗೆಯ ಮೇಲೆ ಉಗುರು ಎಳೆದು, ಸರಿಯಾಗಿದೆ ಎಂದು ತಲೆದೂಗಿದರು.

ಬಾಗಿಲ ತನಕ ಬಂದರು. ಹಳೆಯ ಕನ್ನಡಕವನ್ನು ಮಾವನ ಕೈಗಿಟ್ಟರು.

"ಇದನ್ನ ಇನ್ಯಾರಿಗೂ ಕೊಡಬೇಡಿ" ಎಂದರು.

ಬಸ್ಸು ನಮಗಾಗಿ ಕಾಯುತ್ತಿತ್ತು. ಇಪ್ಪತ್ನಾಲ್ಕು ಹಳದಿ ಅಂಗಿಗಳು ಬಿಸಿಲಿನಲ್ಲಿ ಬೆಂದು ನಮ್ಮನ್ನು ದುರುಗುಟ್ಟಿ ನೋಡಿದವು. ಪಟ್ಟಣ ದಾಟುತ್ತಲೇ ಸಾಕ್ಷಿಗಳು ಶುರುವಾದವು. ಶಾಲೆ ಟೀಚರ ಸಂಸಾರ, ಕೊಳಾಯಿ ರಿಪೇರಿಯವರ ಸಂಸಾರ, ಎಲ್ಲರಿಗೂ ದೇವರು ಒಳ್ಳೆಯದನ್ನೇ ಮಾಡಿದ್ದ. ನಮ್ಮ ಸರದಿ ಬಂದಾಗ ನನ್ನ ಗಂಡ ಏಳಲು ಹೊರಟ. ಮಾವ ಅವನ ಭುಜ ಒತ್ತಿ ತಾವೇ ಎದ್ದರು, ಸೀಟಿನ ಕಂಬಿ ಹಿಡಿದು ನಿಂತರು.

ಹೋದ ವರ್ಷ ನಾನು ಹೇಳಿದ ಸಾಕ್ಷಿ ಸುಳ್ಳು ಎಂದು ಶುರು ಮಾಡಿದರು. ಗಾಜಿನ ತಪ್ಪು ಹೇಳಿದರು, ಗೊತ್ತಾದ ದಿನ ಹೇಳಿದರು, ಹನ್ನೊಂದು ತಿಂಗಳು ಮುಚ್ಚಿಟ್ಟದ್ದನ್ನು ಹೇಳಿದರು, ಹೊದಿಸಿದ್ದ ಯಂತ್ರದ ಬಗ್ಗೆ ಹೇಳಿದರು. ಆಕೆ ದಾರ ಪೋಣಿಸಿದ್ದನ್ನು ಮಾತ್ರ ಹೇಳಲಿಲ್ಲ. ಯಾರೂ ಅಳಲಿಲ್ಲ. ಯಾರೋ ಆಮೆನ್ ಎಂದು ಶುರು ಮಾಡಿ ಅರ್ಧಕ್ಕೇ ನಿಲ್ಲಿಸಿದರು. ಪಾಸ್ಟರು, ಮುಂದಿನ ಸಂಸಾರ ಯಾರದು ಎಂದು ಪಟ್ಟಿ ನೋಡಿದರು.

ಮಾವ ಕುಸಿದು ಕೂತರು. ಅತ್ತೆ ಕಿಟಕಿಯ ಆಚೆ ನೋಡುತ್ತಲೇ ಕೇಳಿದರು, "ಆಕೆ ಏನಂದ್ರು?"

"ಒಂದು ಕಾಗದ ಬರೀಬಹುದಿತ್ತು ಅಂದ್ರು."

ಹನ್ನೊಂದು ತಿಂಗಳು ದಿನಾ ಅದೇ ಮಾತು ಹೇಳಿದವರು ಅತ್ತೆ. ಈಗ ನಾನು ಹೇಳಿರಲಿಲ್ಲವಾ ಎನ್ನಲು ಅವರಿಗೆ ಪೂರ್ತಿ ಹಕ್ಕಿತ್ತು, ನಾನಾಗಿದ್ದರೆ ಬಿಡುತ್ತಿರಲಿಲ್ಲ. ಅವರು ಬಗ್ಗಿ ಮಾವನ ಚಪ್ಪಲಿ ಕಳಚಿ, ಊದಿದ ಕಾಲುಗಳನ್ನು ಎತ್ತಿ ನಮ್ಮ ಚೀಲದ ಮೇಲಿಟ್ಟರು.

"ಮಲಗಿ ಇನ್ನು" ಎಂದರು.

ಮಾವ ಕಣ್ಣು ಮುಚ್ಚಿದರು. ಆಕೆ ತಿರುಗಿ ಕೊಟ್ಟ ಕನ್ನಡಕ ಅವರ ಮುಷ್ಟಿಯಲ್ಲೇ ಇತ್ತು, ವಿಮಾನ ನಿಲ್ದಾಣದಲ್ಲಿ ತಪಾಸಣೆಯ ಪೊಲೀಸಿನವನು ಮುಷ್ಟಿ ಬಿಡಿಸಿ ನೋಡುವವರೆಗೂ.